ಪರವಾನಗಿಯಿಲ್ಲದ ಮನೆಯನ್ನು ಸರ್ಕಾರ ಕೆಡವುವಾಗ ವಾಸವಿರುವವರಿಗೆ ಉಳಿಯುವ ಹಕ್ಕು ಯಾವುದು?

ಪ್ರಶ್ನೆ — ಕಾನೂನು ವಿದ್ಯಾರ್ಥಿನಿ, ಧಾರವಾಡ

ಬಲ್ಗೇರಿಯಾದ ಕಪ್ಪು ಸಮುದ್ರದ ದಂಡೆಯಲ್ಲಿರುವ ಸಿನೆಮೊರೆಟ್ಸ್ ಎಂಬ ಹಳ್ಳಿಯಲ್ಲಿ ಒಂದು ಜೋಡಿ ಪರವಾನಗಿ ಪಡೆಯದೆ ಒಂದಂತಸ್ತಿನ ಇಟ್ಟಿಗೆ ಮನೆ ಕಟ್ಟಿಕೊಂಡು ವಾಸವಾಗಿತ್ತು. ಆಡಳಿತ ಅದನ್ನು ಕೆಡವಲು ಆದೇಶಿಸಿತು. ಅಲ್ಲಿನ ನ್ಯಾಯಾಲಯಗಳು ಆದೇಶವನ್ನು ಎತ್ತಿಹಿಡಿದವು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 21 ಏಪ್ರಿಲ್ 2016ರ ತೀರ್ಪಿನಲ್ಲಿ, ಇದರಿಂದ ಆಸ್ತಿಯ ಹಕ್ಕಿಗೆ ಭಂಗ ಬರುವುದಿಲ್ಲವೆಂದು ಹೇಳಿತು. ಆದರೆ ಅದೇ ಆದೇಶವನ್ನು ಇದ್ದಂತೆಯೇ ಜಾರಿ ಮಾಡಿದರೆ ವಾಸದ ಮನೆಗೆ ಸಲ್ಲಬೇಕಾದ ಗೌರವದ ಹಕ್ಕು, ಅಂದರೆ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ, ಉಲ್ಲಂಘನೆಯಾಗುತ್ತದೆಂದೂ ಹೇಳಿತು. ಕೆಡವುವ ಆದೇಶ ಒಂದೇ ಆಗಿರುವಾಗ ಈ ಎರಡು ಮಾತು ಹೇಗೆ ಹೊಂದುತ್ತವೆ? ನಮ್ಮ ಸುಪ್ರೀಂ ಕೋರ್ಟ್ 13 ನವೆಂಬರ್ 2024ರಂದು ಕಟ್ಟಡ ನೆಲಸಮದ ಬಗ್ಗೆ ನೀಡಿದ ತೀರ್ಪು ಇದೇ ದಾರಿಯಲ್ಲಿದೆಯೇ?

ಉತ್ತರ — ಹಿರಿಯ ವಕೀಲ, ಬೆಂಗಳೂರು

ಎರಡು ವಿಧಿಗಳು ಕೇಳುವ ಪ್ರಶ್ನೆಗಳೇ ಬೇರೆ. ಯುರೋಪಿನ ಒಡಂಬಡಿಕೆಯ ಮೊದಲ ಪೂರಕ ಒಪ್ಪಂದದ 1ನೇ ವಿಧಿ ಆಸ್ತಿಯನ್ನು ರಕ್ಷಿಸುತ್ತದೆ. ಆದರೆ ಅಕ್ರಮ ಕಟ್ಟಡವನ್ನು ಕೆಡವುವುದನ್ನು ಆ ನ್ಯಾಯಾಲಯ ಸಾಮಾನ್ಯವಾಗಿ ಆಸ್ತಿಯನ್ನು ಕಸಿದುಕೊಳ್ಳುವುದೆಂದು ನೋಡದೆ, ಆಸ್ತಿಯ ಬಳಕೆಯನ್ನು ನಿಯಂತ್ರಿಸುವುದೆಂದು ನೋಡುತ್ತದೆ. ಯೋಜನಾ ಕಾನೂನನ್ನು ಪಾಲಿಸುವಂತೆ ಮಾಡುವುದು ಸಾರ್ವಜನಿಕ ಹಿತವಾದ್ದರಿಂದ, ಇಲ್ಲಿ ಸರ್ಕಾರಕ್ಕೆ ಬಹಳ ವಿಶಾಲವಾದ ವಿವೇಚನೆ ಸಿಗುತ್ತದೆ ಮತ್ತು ಮಾಲೀಕನಿಗೆ ಪರಿಹಾರ ಸಿಗುವುದು ಅಪರೂಪ. 8ನೇ ವಿಧಿ ನೋಡುವುದು ಕಟ್ಟಡದ ಬೆಲೆಯನ್ನಲ್ಲ, ಅದರೊಳಗೆ ಬದುಕುತ್ತಿರುವವರನ್ನು. ಸಿನೆಮೊರೆಟ್ಸ್‌ನ ಜೋಡಿ ಇದೊಂದೇ ತಮ್ಮ ಮನೆಯೆಂದೂ ಬೇರೊಂದನ್ನು ಹೊಂದಿಸಿಕೊಳ್ಳುವ ಶಕ್ತಿ ತಮಗಿಲ್ಲವೆಂದೂ ವಾದಿಸಿತ್ತು. ಬಲ್ಗೇರಿಯಾದ ನ್ಯಾಯಾಲಯಗಳು ಪರವಾನಗಿ ಇತ್ತೇ ಇಲ್ಲವೇ ಎಂಬುದನ್ನಷ್ಟೇ ಪರಿಶೀಲಿಸಿ, ಈ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಪ್ಪಾದದ್ದು ಅಲ್ಲಿ. ಮನೆಯನ್ನು ಕೆಡವಲೇಬಾರದೆಂದು ಆ ಯುರೋಪಿನ ನ್ಯಾಯಾಲಯದ ನೆಲೆಯಾದ ಸ್ಟ್ರಾಸ್‌ಬರ್ಗ್ ಹೇಳಲಿಲ್ಲ. ಕೆಡವುವುದು ಈ ಇಬ್ಬರ ಪರಿಸ್ಥಿತಿಗೆ ಅನುಪಾತದಲ್ಲಿದೆಯೇ, ಅಂದರೆ ಅವರಿಗಾಗುವ ನಷ್ಟ ಸಾಧಿಸಬೇಕಾದ ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂದು ಯಾವುದಾದರೂ ಸ್ವತಂತ್ರ ನ್ಯಾಯಪೀಠ ಮೊದಲು ತೂಗಿ ನೋಡಬೇಕೆಂದು ಹೇಳಿತು.

ನಮ್ಮಲ್ಲಿ ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಾಗಿ ಉಳಿಯದೆ 300ಎ ವಿಧಿಗೆ ಸರಿಯಿತು. ಆದ್ದರಿಂದ ನೆಲಸಮದ ಪ್ರಕರಣಗಳಲ್ಲಿ ನಿಜವಾದ ಭಾರ ಬೀಳುವುದು ಜೀವಿಸುವ ಹಕ್ಕನ್ನು ರಕ್ಷಿಸುವ 21ನೇ ವಿಧಿಯ ಮೇಲೆ. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ 2024ರ ತೀರ್ಪನ್ನು ಪತ್ರಿಕೆಗಳು 15 ದಿನಗಳ ನೋಟಿಸಿನ ತೀರ್ಪೆಂದೇ ಬಣ್ಣಿಸಿದವು. ನೋಂದಾಯಿತ ಅಂಚೆಯಲ್ಲಿ ನೋಟಿಸ್, ಖುದ್ದು ವಿಚಾರಣೆ, ಆದೇಶದ ನಂತರ ಮತ್ತೆ 15 ದಿನಗಳ ಅವಕಾಶ, ಕೆಡವುವ ಕೆಲಸದ ವಿಡಿಯೊ ಚಿತ್ರೀಕರಣ, ಉಲ್ಲಂಘಿಸಿದ ಅಧಿಕಾರಿಯ ವೈಯಕ್ತಿಕ ಹೊಣೆ, ಇವೆಲ್ಲವೂ ಅದರಲ್ಲಿವೆ. ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ ಸಾಲು ಬೇರೆ. ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಬಹುದೇ, ಅಕ್ರಮವಿರುವುದು ಒಂದು ಭಾಗದಲ್ಲಿ ಮಾತ್ರವೇ, ನೆಲಸಮವೆಂಬ ಕೊನೆಯ ಕ್ರಮವೊಂದೇ ದಾರಿ ಏಕೆ ಎಂಬುದಕ್ಕೆ ಅಂತಿಮ ಆದೇಶದಲ್ಲಿ ಕಾರಣ ಬರೆಯಬೇಕೆಂದು ಆ ತೀರ್ಪು ಹೇಳುತ್ತದೆ. ಅನುಪಾತದ ಪ್ರಶ್ನೆ ಹಿಂಬಾಗಿಲಿನಿಂದ ನಮ್ಮಲ್ಲಿಗೂ ಬಂದಿರುವುದು ಹೀಗೆ. ಆದರೂ ಒಂದು ಅಂತರವಿದೆ. ಈ ಮೂರೂ ಪ್ರಶ್ನೆಗಳು ಕಟ್ಟಡವನ್ನು ಕುರಿತವು. ವಾಸವಿರುವವರು ನಾಳೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಆದೇಶದಲ್ಲಿ ಬರೆಯಬೇಕಾಗಿಲ್ಲ.

ಉತ್ತರ — ನಗರ ಯೋಜನೆಯ ಎಂಜಿನಿಯರ್, ಮೈಸೂರು

ಮೇಲಿನ ವಿವರಣೆ ಸರಿಯಾಗಿದ್ದರೂ ಅದು ಒಂದು ಮಗ್ಗುಲನ್ನು ಮಾತ್ರ ತೋರಿಸುತ್ತದೆ. ಬೆಲ್ಜಿಯಂನ ಅರಣ್ಯ ಪ್ರದೇಶವೊಂದರಲ್ಲಿ 1967ರಲ್ಲಿ ಕಟ್ಟಿದ ರಜಾದಿನದ ಮನೆಯ ಪ್ರಕರಣವನ್ನೂ ಓದಬೇಕು. 27 ವರ್ಷ ಯಾರೂ ತಕರಾರು ಎತ್ತಿರಲಿಲ್ಲ, ತೆರಿಗೆಯನ್ನೂ ಕಟ್ಟಿಸಿಕೊಳ್ಳಲಾಗಿತ್ತು, ಆಮೇಲೆ ಮನೆ ಕೆಡವಲಾಯಿತು. 2007ರ ತೀರ್ಪಿನಲ್ಲಿ ಸ್ಟ್ರಾಸ್‌ಬರ್ಗ್ ಇದನ್ನು ಆಸ್ತಿ ಹಕ್ಕಿನ ಉಲ್ಲಂಘನೆಯೆಂದು ಒಪ್ಪದೆ, ಆರ್ಥಿಕ ಕಾರಣಗಳನ್ನಾಗಲಿ ಆಸ್ತಿಯಂಥ ಹಕ್ಕನ್ನಾಗಲಿ ಪರಿಸರ ರಕ್ಷಣೆಗಿಂತ ಮೇಲಿಡಬಾರದೆಂದಿತು. ಡಿಸೆಂಬರ್ 2024ರಲ್ಲಿ ಮೀರತ್ ನಗರದ ಪ್ರಕರಣವೊಂದರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ, ಕಾಲ ಕಳೆದುದರಿಂದಾಗಲಿ, ಅಧಿಕಾರಿಗಳು ಕಣ್ಣು ಮುಚ್ಚಿಕೊಂಡಿದ್ದುದರಿಂದಾಗಲಿ, ಹಣ ಸುರಿದಿದ್ದರಿಂದಾಗಲಿ ಅಕ್ರಮ ಕಟ್ಟಡ ಸಕ್ರಮವಾಗುವುದಿಲ್ಲವೆಂದು ಹೇಳಿದೆ.

ಬೆಂಗಳೂರಿನವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ನವೆಂಬರ್ ತೀರ್ಪಿನ ನಿರ್ದೇಶನಗಳು ರಸ್ತೆ, ಕಾಲುದಾರಿ, ರೈಲು ಮಾರ್ಗದ ಅಂಚು, ನದಿ ಮತ್ತು ಜಲಮೂಲಗಳ ಮೇಲಿನ ಒತ್ತುವರಿಗೆ ಹಾಗೂ ನ್ಯಾಯಾಲಯವೇ ಕೆಡವಲು ಆದೇಶಿಸಿದ ಪ್ರಕರಣಗಳಿಗೆ ಅನ್ವಯಿಸುವುದಿಲ್ಲ. ರಾಜಕಾಲುವೆ ಮುಚ್ಚಿ ಕಟ್ಟಿದ ಮನೆಯಿಂದಾಗಿ ಮಳೆಗಾಲದಲ್ಲಿ ನೀರು ನುಗ್ಗುವುದು ಮೇಲ್ಭಾಗದ ಬಡಾವಣೆಯ ಯಾರದೋ ಮನೆಗೆ. ಅವರಿಗೂ ಮನೆಯ ಹಕ್ಕು ಇದೆಯಲ್ಲವೇ?

ಮರುಪ್ರಶ್ನೆ — ಕಾನೂನು ವಿದ್ಯಾರ್ಥಿನಿ, ಧಾರವಾಡ

ಹಾಗಾದರೆ ವರ್ಷಗಟ್ಟಲೆ ಕಂದಾಯ ಕಟ್ಟಿದ ರಶೀದಿ, ವಿದ್ಯುತ್ ಮತ್ತು ನೀರಿನ ಸಂಪರ್ಕ, ಇವುಗಳಿಗೆ ಯಾವ ಬೆಲೆಯೂ ಇಲ್ಲವೇ?

ಉತ್ತರ — ಮಾನವ ಹಕ್ಕುಗಳ ಸಂಶೋಧಕ, ಮಂಗಳೂರು

ಬೆಲೆ ಇದೆ, ಆದರೆ ಅದು ಸಕ್ರಮದ ಪುರಾವೆಯಾಗಿ ಅಲ್ಲ. ಇದಕ್ಕೆ ಇಸ್ತಾಂಬುಲ್‌ನ ಪ್ರಕರಣವನ್ನು ನೋಡಿ. ಉಮ್ರಾನಿಯೆ ಪ್ರದೇಶದ ಕಸದ ರಾಶಿಯ ಪಕ್ಕದಲ್ಲಿ ಸರ್ಕಾರಿ ಜಾಗದ ಮೇಲೆ ಗುಡಿಸಲುಗಳೆದ್ದಿದ್ದವು. 28 ಏಪ್ರಿಲ್ 1993ರಂದು ರಾಶಿಯೊಳಗಿನ ಮೀಥೇನ್ ಸ್ಫೋಟಿಸಿ 39 ಜನ ಸತ್ತರು. ಮನೆಯವರನ್ನು ಕಳೆದುಕೊಂಡ ಒಬ್ಬರು ಸ್ಟ್ರಾಸ್‌ಬರ್ಗ್‌ಗೆ ಹೋದರು. ಗುಡಿಸಲು ಅಕ್ರಮವಾದ್ದರಿಂದ ಅದು ಆಸ್ತಿಯೇ ಅಲ್ಲವೆಂಬುದು ಟರ್ಕಿಯ ವಾದವಾಗಿತ್ತು. ವರ್ಷಗಳ ಕಾಲ ಆ ವಸತಿಯನ್ನು ಸಹಿಸಿಕೊಂಡು, ಅದರ ಮೇಲೆ ತೆರಿಗೆ ವಸೂಲಿ ಮಾಡಿ, ಸೌಲಭ್ಯಗಳಿಗೆ ಶುಲ್ಕ ಪಡೆದ ಆಡಳಿತವು ಈಗ ಹಾಗೆ ಹೇಳುವಂತಿಲ್ಲವೆಂದು 2004ರಲ್ಲಿ ನ್ಯಾಯಾಲಯದ ಮಹಾಪೀಠ ತೀರ್ಮಾನಿಸಿತು. ನೆಲ ಅವರದಾಗಲಿಲ್ಲ, ಆದರೆ ಗುಡಿಸಲು ಮತ್ತು ಅದರೊಳಗಿನ ಸಾಮಾನುಗಳ ಮೇಲೆ ಅವರಿಗೊಂದು ಆಸ್ತಿ ಹಿತಾಸಕ್ತಿ ಇತ್ತು. ರಶೀದಿಯು ಕೆಡವುವುದನ್ನು ತಡೆಯಲಾರದು. ‘ಇಲ್ಲಿ ಯಾರೂ ಇರುವುದೇ ನಮಗೆ ಗೊತ್ತಿರಲಿಲ್ಲ’ ಎಂಬ ಸರ್ಕಾರದ ವಾದವನ್ನು ಮಾತ್ರ ತಡೆಯುತ್ತದೆ.

ಜಲಮೂಲ ಮತ್ತು ಕಾಲುದಾರಿಯ ವಿನಾಯಿತಿಯ ಬಗ್ಗೆ ನನಗೆ ತಕರಾರಿದೆ. 1985ರ ಓಲ್ಗಾ ಟೆಲ್ಲಿಸ್ ಪ್ರಕರಣ ನಡೆದದ್ದೇ ಮುಂಬೈಯ ಕಾಲುದಾರಿಗಳ ಮೇಲೆ ವಾಸವಿದ್ದವರ ಬಗ್ಗೆ. ಅವರಿಗೆ ಅಲ್ಲಿರುವ ಹಕ್ಕಿಲ್ಲವೆಂದ ಐವರು ನ್ಯಾಯಮೂರ್ತಿಗಳ ಪೀಠವೇ, ಎತ್ತಂಗಡಿಗೆ ಮುಂಚೆ ಅವರ ಮಾತು ಕೇಳುವುದು ಸಾಮಾನ್ಯ ನಿಯಮವಾಗಬೇಕೆಂದೂ ಹೇಳಿತು. ಮಳೆಗಾಲ ಮುಗಿಯುವವರೆಗೆ ಕಾಯುವಂತೆಯೂ ಸೂಚಿಸಿತು. 2024ರ ತೀರ್ಪು ಕೊಟ್ಟ ಇಬ್ಬರ ಪೀಠದ ವಿನಾಯಿತಿಯು ಅದನ್ನು ಅಳಿಸಲಾರದು. 15 ದಿನಗಳ ಲೆಕ್ಕ ರಾಜಕಾಲುವೆಯ ಮೇಲಿನ ಮನೆಗೆ ಅನ್ವಯಿಸದಿರಬಹುದು, ಆದರೆ ನೋಟಿಸೇ ಬೇಡವೆಂಬ ಅರ್ಥ ಅದರಿಂದ ಹೊರಡುವುದಿಲ್ಲ. ಭಾರತ 1979ರಲ್ಲಿ ಸೇರಿದ ಆರ್ಥಿಕ, ಸಾಮಾಜಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಲ್ಲಿ ಆಸ್ತಿಯ ಹಕ್ಕೇ ಇಲ್ಲ, ಇರುವುದು ಸಮರ್ಪಕ ವಸತಿಯ ಹಕ್ಕು. ಅದರ ಸಮಿತಿ 1997ರಲ್ಲಿ ಬಲವಂತದ ಎತ್ತಂಗಡಿಯ ಬಗ್ಗೆ ಹೊರಡಿಸಿದ ಟಿಪ್ಪಣಿ, ಹಕ್ಕುಪತ್ರ ಇಲ್ಲದವರನ್ನೂ ಸೇರಿಸಿಕೊಂಡು, ಯಾರೂ ಎತ್ತಂಗಡಿಯಿಂದ ಮನೆಯಿಲ್ಲದವರಾಗಬಾರದೆನ್ನುತ್ತದೆ.

ಉತ್ತರ — ಹಿರಿಯ ವಕೀಲ, ಬೆಂಗಳೂರು

ಕಾಲುದಾರಿಯ ವಿಷಯದಲ್ಲಿ ಒಪ್ಪುತ್ತೇನೆ. ನೋಟಿಸ್ ಎಂಬುದು ಕೇವಲ ಔಪಚಾರಿಕತೆಯೆಂದು ಭಾವಿಸುವವರು ಪ್ರಯಾಗರಾಜ್‌ನ ಪ್ರಕರಣದ ದಿನಾಂಕಗಳನ್ನು ನೋಡಬೇಕು. ಕೆಡವುವ ಆದೇಶ ಹೊರಟದ್ದು 8 ಜನವರಿ 2021ರಂದು. ನೋಂದಾಯಿತ ಅಂಚೆಯಲ್ಲಿ ಮೊದಲ ಪತ್ರ ಮನೆಯವರ ಕೈಸೇರಿದ್ದು ಮಾರ್ಚ್ 6ರಂದು. ಮನೆಗಳು ಉರುಳಿದ್ದು ಮಾರ್ಚ್ 7ರಂದು. ಅದಕ್ಕೆ ಮುಂಚೆ ಅಧಿಕಾರಿಗಳು ಮಾಡಿದ್ದು ಬಾಗಿಲಿಗೆ ಕಾಗದ ಅಂಟಿಸಿ ಬಂದದ್ದಷ್ಟೇ. ಮೇಲ್ಮನವಿಗೆ ಕಾನೂನಿನಲ್ಲಿ ಅವಕಾಶವಿದ್ದರೂ ಬಳಸಲು ಸಮಯವೇ ಉಳಿದಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 10 ಲಕ್ಷ ರೂಪಾಯಿ ಕೊಡಿಸಿತು. ಪರಿಹಾರ ಬಂದದ್ದು ಕಟ್ಟಡ ಸಕ್ರಮವೆಂದು ಸಾಬೀತಾದ ಕಾರಣಕ್ಕಲ್ಲ, ಕೆಡವಿದ ರೀತಿಯ ಕಾರಣಕ್ಕೆ. ಪರೀಕ್ಷೆಗೆ ಬರೆಯುವಾಗ ಈ ವ್ಯತ್ಯಾಸವನ್ನು ಸಿನೆಮೊರೆಟ್ಸ್ ತೀರ್ಪಿನ ಪಕ್ಕದಲ್ಲಿಟ್ಟು ಚರ್ಚಿಸಿ.