ಕ್ರೋಶ ಚೌಕ ಹಾಕಿದ್ರೆ ತ್ರಿಕೋನ ಆಯ್ತದೆ, ಯಾಕೆ?

ಕುಚ್ಚು_ಮಂಡ್ಯ:
ಎಲ್ರಿಗೂ ನಮಸ್ಕಾರ. ಸೀರೆಗೆ ಕ್ರೋಶ (ಒಂದೇ ಕೊಕ್ಕೆ ಕಡ್ಡಿಲಿ ದಾರ ಹೆಣೆಯೋದು) ಕುಚ್ಚು ಹಾಕೋದು ಬರುತ್ತೆ ನಂಗೆ. ತಂಗಿ ಬಾಣಂತನಕ್ಕೆ ಮನೆಗೆ ಬರ್ತಾವ್ಳೆ, ಪಾಪುಗೆ ಟೋಪಿ, ಒಂದು ಸಣ್ಣ ಹೊದಿಕೆ ನಾನೇ ಮಾಡ್ಬೇಕು ಅಂತ ಆಸೆ. ಯೂಟ್ಯೂಬ್ ನೋಡ್ಕೊಂಡು ಹಾಕ್ತಿದೀನಿ, ಆದ್ರೆ ಸಾಲು ಮೇಲೆ ಹೋದಂಗೆಲ್ಲಾ ಅಗಲ ಕಮ್ಮಿ ಆಯ್ತಾ ಹೋಗ್ತದೆ, ಮತ್ತೆ ಒಂದೇ ಸ್ಟಿಚ್‌ನ ಒಬ್ರು ಸಿಂಗಲ್ ಅಂದ್ರೆ ಇನ್ನೊಬ್ರು ಡಬಲ್ ಅಂತಾರೆ, ಯಾರದ್ದು ಸರಿ? ಎರಡು ಕಡ್ಡಿ ಸ್ವೆಟರ್ ಹೆಣಿಗೆನೇ ಮೊದ್ಲು ಕಲೀಬೇಕಿತ್ತಾ?

ಸರಸ್ವತಿಪುರಂ_ಅಕ್ಕ:
ಕುಚ್ಚಲ್ಲಿ ಸೀರೆ ಸೆರಗೇ ಅಳತೆ ಹಿಡ್ಕೊಳುತ್ತೆ ಕಣಮ್ಮ, ಇಲ್ಲಿ ಹಿಡ್ಕೊಳೋಕೆ ಏನೂ ಇಲ್ಲ, ನಿನ್ನ ಎಣಿಕೆನೇ ಎಲ್ಲಾ. ಸಾಲಿನ ಕೊನೆ ಸ್ಟಿಚ್ ಬಿಟ್ಟು ಹೋಗ್ತಿರುತ್ತೆ ನೋಡು. ಅಮೇರಿಕದವರ ಡಬಲ್ ಹಾಕೋವಾಗ ತಿರುಗಿಸಿ 3 ಚೈನ್ (ಸರಪಳಿ ಥರದ ಲೂಪು) ಹಾಕ್ತೀವಲ್ಲ, ಅದೇ ಆ ಸಾಲಿನ ಮೊದಲನೇ ಸ್ಟಿಚ್ ಅಂತ ಲೆಕ್ಕ, ಹಾಗಾಗಿ ಮುಂದಿನ ಸಾಲು ಮುಗಿಸೋವಾಗ ಆ 3 ಚೈನ್ ತುದಿಗೂ ಒಂದು ಹಾಕ್ಲೇಬೇಕು. ಅಲ್ಲಿಗೊಂದು ಸೇಫ್ಟಿ ಪಿನ್ ಸಿಗಿಸಿಡು, ತಪ್ಪೋದೇ ಇಲ್ಲ. ಸಾಲು ಸಾಲಿಗೂ ಎಣಿಸು.

ಹೆಸರಿನ ವಿಷಯಕ್ಕೆ, ಇಬ್ಬರದ್ದೂ ಸರಿನೇ. ಅಮೇರಿಕದವರ ಸಿಂಗಲ್ ಬ್ರಿಟಿಷರಿಗೆ ಡಬಲ್, ಅಮೇರಿಕದವರ ಡಬಲ್ ಬ್ರಿಟಿಷರಿಗೆ ಟ್ರೆಬಲ್. ವಿಡಿಯೋದಲ್ಲಿ ಸಿಂಗಲ್ ಅಂತ ಬಂದ್ರೆ ಅಮೇರಿಕದ ಲೆಕ್ಕ ಅಂದ್ಕೋ.

ಎರಡು_ಕಡ್ಡಿ:
ಅಕ್ಕ ಹೇಳಿದ್ದು ಸರಿ, ಆದ್ರೆ ಟೋಪಿಗೆ ನಾನು ಹೆಣಿಗೆನೇ ಅಂತೀನಿ. 1 ಸೀದಾ 1 ಉಲ್ಟಾ ಹಾಕಿದ್ರೆ ರಬ್ಬರ್ ಥರ ಎಳೆಯುತ್ತೆ, ಪಾಪು ತಲೆ ಬೆಳೆದಂಗೂ ಕೂರುತ್ತೆ. ಕಷ್ಟ ಏನಂದ್ರೆ ಕ್ರೋಶದಲ್ಲಿ ಕಡ್ಡಿ ಮೇಲಿರೋದು ಒಂದೇ ಲೂಪು, ಹೆಣಿಗೇಲಿ ಸಾಲಿನ ಎಲ್ಲಾ ಲೂಪೂ ಕಡ್ಡಿ ಮೇಲೇ ಇರ್ತವೆ, ಒಂದು ಜಾರಿದ್ರೆ ಕೆಳಗಿನವರೆಗೂ ಬಿಚ್ಕೊಂಡು ಹೋಗುತ್ತೆ. ಅದನ್ನ ಎತ್ತೋಕೆ ನಿಮ್ ಕ್ರೋಶ ಕಡ್ಡಿನೇ ಬೇಕು, ಹೇಗೂ ಕೈಲಿದೆ.

ಕುಚ್ಚು_ಮಂಡ್ಯ:
ತುಂಬಾ ಥ್ಯಾಂಕ್ಸ್ ಅಕ್ಕ, ಪಿನ್ ಹಾಕಿ ನೋಡ್ತೀನಿ. ಹೆಣಿಗೆ ಆಮೇಲೆ ಕಲೀತೀನಿ, ಈಗ ಟೋಪಿನೂ ಕ್ರೋಶದಲ್ಲೇ ಹಾಕ್ಬೇಕು ಅಂದ್ರೆ ದುಂಡಗೆ ಹೆಂಗೆ ಬರ್ಸೋದು? ಕುಚ್ಚಿನ ಕಡ್ಡಿನೇ ಸಾಕಾ?

ಸರಸ್ವತಿಪುರಂ_ಅಕ್ಕ:
ಅದು ತೀರಾ ಸಣ್ಣದು, 4 ಎಂಎಂ ಕಡ್ಡಿ ತಗೋ, ಜೊತೆಗೆ ದಪ್ಪನೆ ಕಾಟನ್ ದಾರ, ನಮ್ಮ ಕಡೆ ಸೆಕೆಗೆ ಉಲ್ಲನ್ ಬೇಡ. ತಿಳಿ ಬಣ್ಣದ್ದೇ ಇರ್ಲಿ, ಕಪ್ಪಲ್ಲಿ ಸ್ಟಿಚ್ ಕಾಣಲ್ಲ. ದಾರದ ಒಂದು ರಿಂಗಲ್ಲಿ 6 ಸಿಂಗಲ್, ಆಮೇಲೆ 12, 18, 24, ಹೀಗೆ ಸುತ್ತಿಗೆ 6 ಜಾಸ್ತಿ ಮಾಡ್ತಾ ಹೋದ್ರೆ ಚಪ್ಪಟೆ ಬಿಲ್ಲೆ ಬರುತ್ತೆ. ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 35 ಸೆಂ.ಮೀ., ಅದಕ್ಕೆ ಬಿಲ್ಲೆ ಅಗಲ 10-11 ಸೆಂ.ಮೀ. ಆದಾಗ ಹೆಚ್ಚಿಸೋದು ನಿಲ್ಸಿ ಅಷ್ಟೇ ಸ್ಟಿಚ್ ಸುತ್ತು ಹಾಕು, ತಾನಾಗೇ ಕೆಳಗೆ ಬಾಗುತ್ತೆ. ಮಣಿ, ಗುಂಡಿ ಮಾತ್ರ ಹೊಲೀಬೇಡ, ಕಿತ್ತು ಬಾಯಿಗೆ ಹಾಕ್ಕೊಂಡ್ರೆ ಕಷ್ಟ. ಹೊದಿಕೆಗೂ ತೂತು ತೂತಿನ ಡಿಸೈನ್ ಬೇಡ, ಬೆರಳು ಸಿಕ್ಕಿಹಾಕ್ಕೊಳ್ತವೆ.