ಮನೆಪಾಠದ ಒಂದು ವರ್ಷ: ಮೂರು ವಯಸ್ಸಿನ ಮಕ್ಕಳನ್ನು ಒಟ್ಟಿಗೆ ಕೂರಿಸುವುದೇ, ಬೇರೆ ಮಾಡುವುದೇ?

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ತಾಯಿ

ಮಾನ್ಯರೇ,

ಕಳೆದ ಜೂನ್‌ನಿಂದ ನಮ್ಮ ಮೂವರು ಮಕ್ಕಳೂ ಶಾಲೆಗೆ ಹೋಗದೆ ಮನೆಯಲ್ಲಿಯೇ ಕಲಿಯುತ್ತಿದ್ದಾರೆ. ದೊಡ್ಡವಳಿಗೆ ಹದಿನಾಲ್ಕು ತುಂಬುತ್ತಾ ಬಂದಿದೆ, ನಡುವಿನವನಿಗೆ ಒಂಬತ್ತು, ಚಿಕ್ಕವಳಿಗೆ ಆರು. ನಮ್ಮದು ರೇಷ್ಮೆ ಬೆಳೆಯುವ ಮನೆ, ನಾನು ಬಿ.ಎಸ್ಸಿ. ಓದಿದವಳು. ಮುಂದಿನ ವರ್ಷದ ವ್ಯವಸ್ಥೆಯನ್ನು ನಿರ್ಧರಿಸುವ ಮುನ್ನ ಅನುಭವವಿದ್ದವರ ಅಭಿಪ್ರಾಯ ಕೇಳಬೇಕೆನಿಸಿತು.

ಮೂವರೂ ಚೆನ್ನಾಗಿ ಕಲಿತದ್ದು ವಸ್ತು ಒಂದೇ ಆಗಿ, ಕೆಲಸ ಬೇರೆ ಬೇರೆಯಾಗಿದ್ದ ಕಡೆಗಳಲ್ಲಿ. ಒಂದು ಬೆಳೆಯ ರೇಷ್ಮೆ ಹುಳುಗಳನ್ನು ಚಾಕಿಯಿಂದ, ಅಂದರೆ ಮರಿಹುಳುವಿನ ಹಂತದಿಂದ, ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವರೆಗೆ ಮಕ್ಕಳು ಗಮನಿಸಿದರು. ಚಿಕ್ಕವಳು ಪ್ರತಿ ಜ್ವರದಲ್ಲಿ, ಅಂದರೆ ಹುಳು ಪೊರೆ ಬಿಡುವ ಹೊತ್ತಿನಲ್ಲಿ, ಅದು ಸೊಪ್ಪು ಮುಟ್ಟದೆ ತಲೆ ಎತ್ತಿ ನಿಲ್ಲುವುದನ್ನು ಚಿತ್ರ ಬರೆದು, ನಾಲ್ಕು ಜ್ವರಗಳನ್ನು ಎಣಿಸಿದಳು. ಹುಡುಗ ಹುಳುವಿನ ಪಕ್ಕದಲ್ಲಿ ದಾರ ಎಳೆದು, ಆ ದಾರವನ್ನು ಸ್ಕೇಲಿನ ಮೇಲಿಟ್ಟು ಮಿಲಿಮೀಟರ್‌ಗಳಲ್ಲಿ ಉದ್ದ ಬರೆದುಕೊಂಡ. ದೊಡ್ಡವಳು ಹಾಕಿದ ಸೊಪ್ಪಿನ ತೂಕಕ್ಕೆ ನಕ್ಷೆ ಎಳೆದಳು. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಮೇಯುವ ರಭಸಕ್ಕೆ ಆ ಗೆರೆ ಹಾಳೆಯ ಅಂಚು ದಾಟಿತು, ಮೇಲೊಂದು ಹಾಳೆ ಅಂಟಿಸಬೇಕಾಯಿತು. ಯಾವ ಪಠ್ಯಪುಸ್ತಕವೂ ಅವಳಿಗೆ ನಕ್ಷೆಯ ಅಳತೆ ಆರಿಸಿಕೊಳ್ಳುವುದನ್ನು ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಆದರೆ ಗಣಿತ ಮತ್ತು ಓದು ಬರಹದ ಹೊತ್ತಿನಲ್ಲಿ ಈ ಹೊಂದಾಣಿಕೆ ಉಳಿಯುವುದಿಲ್ಲ. ಚಿಕ್ಕವಳಿಗೆ ಕಾಗುಣಿತ ಹೇಳಿಕೊಡಲು ನಾನು ಕುಳಿತರೆ ಬೀಜಗಣಿತದಲ್ಲಿ ಸಿಕ್ಕಿಹಾಕಿಕೊಂಡ ದೊಡ್ಡವಳು ಕಾಯಬೇಕು. ಅವಳ ಬಳಿ ಕುಳಿತರೆ ಚಿಕ್ಕವಳು ಎದ್ದು ಓಡುತ್ತಾಳೆ. ಕೊನೆಗೆ ತಂಗಿಯ ಪಾಠವನ್ನು ಅಕ್ಕನೇ ನೋಡಿಕೊಳ್ಳುವುದು ರೂಢಿಯಾಗಿ, ಅವಳ ಸ್ವಂತ ಓದು ಸಂಜೆಗೆ ಮುಂದೂಡಲ್ಪಡುತ್ತಿದೆ. ಹುಡುಗನಾದರೋ ಕೊಟ್ಟದ್ದನ್ನು ಬೇಗ ಮುಗಿಸಿ, ಯಾರಿಗೂ ತೊಂದರೆ ಕೊಡದೆ ಇರುವುದರಿಂದ ಎಲ್ಲರಿಗಿಂತ ಕಡಿಮೆ ಗಮನ ಸಿಗುವುದು ಅವನಿಗೇ. ಮುಂದಿನ ವರ್ಷ ಇವರನ್ನು ಹೇಗೆ ಕೂರಿಸಬೇಕು? ದೊಡ್ಡವಳನ್ನು ಒಂಬತ್ತನೇ ತರಗತಿಗೆ ಶಾಲೆಗೆ ಕಳುಹಿಸುವುದು ಲೇಸೋ, ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ಶಾಲೆಯ ಮೂಲಕ ಹತ್ತನೇ ತರಗತಿ ಮಾಡಿಸುವುದು ಲೇಸೋ?

ಉತ್ತರ: ನಿವೃತ್ತ ಶಿಕ್ಷಕ, ಮುಳಬಾಗಿಲು

ತಾಯಿ, ನಿಮ್ಮ ಮನೆಯ ತೊಂದರೆ ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಗಳ ಹಳೆಯ ತೊಂದರೆಯೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿ ಇದಕ್ಕೆ ಉತ್ತರ ಹುಡುಕಲೆಂದೇ ಹುಟ್ಟಿದ್ದು. ಅದರ ಮೂಲ ಪ್ರೇರಣೆ ನಮ್ಮ ಗಡಿಯಾಚೆ ಮದನಪಲ್ಲಿಯ ಹತ್ತಿರವಿರುವ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಬಂದದ್ದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತರೂ ಎಲ್ಲರಿಗೂ ಶಿಕ್ಷಕರ ಸಹಾಯ ಏಕಕಾಲಕ್ಕೆ ಬೇಕಾಗದಂತೆ ಅಲ್ಲಿ ಗುಂಪುಗಳನ್ನು ಮಾಡಲಾಗುತ್ತದೆ: ಹೊಸದನ್ನು ಕಲಿಯುವವರು ಶಿಕ್ಷಕರ ಬಳಿ, ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವವರು ಸಹಪಾಠಿಯ ಜೊತೆ, ಅಭ್ಯಾಸದ ಹಂತಕ್ಕೆ ಬಂದವರು ತಮ್ಮಷ್ಟಕ್ಕೆ ತಾವು.

ಇದರಲ್ಲಿ ನೀವು ಗಮನಿಸಬೇಕಾದ ಅಂಶ ಒಂದೇ. ಮಗುವಿಗೆ ಸಹಾಯ ಮಾಡುವ ಸಹಪಾಠಿ ಅದಕ್ಕಿಂತ ತುಂಬಾ ಮುಂದಿರುವವನಲ್ಲ, ಆ ಮೆಟ್ಟಿಲನ್ನು ಇತ್ತೀಚೆಗಷ್ಟೇ ಹತ್ತಿದವನು. ಆದ್ದರಿಂದ ಚಿಕ್ಕವಳ ಓದನ್ನು ಕೇಳಿಸಿಕೊಳ್ಳಬೇಕಾದವನು ನಿಮ್ಮ ಒಂಬತ್ತು ವರ್ಷದ ಮಗ. ಒತ್ತಕ್ಷರಗಳಲ್ಲಿ ಎಲ್ಲಿ ಎಡವುತ್ತಾರೆಂಬುದು ಅವನಿಗೆ ಇನ್ನೂ ನೆನಪಿದೆ, ಕೇಳಿಸಿಕೊಳ್ಳುವುದರಿಂದ ಅವನ ಸ್ವಂತ ಓದೂ ಸ್ಪಷ್ಟವಾಗುತ್ತದೆ, ಸುಮ್ಮನೆ ಕುಳಿತವನಿಗೆ ಹೊಣೆಯೂ ಸಿಗುತ್ತದೆ. ಹೊಸ ಪಾಠವನ್ನು ಮಾತ್ರ ನೀವೇ ಹೇಳಿಕೊಡಿ, ಒಪ್ಪಿಸಿಕೊಳ್ಳುವ ಕೆಲಸ ಅವನದಾಗಲಿ. ಅವರಿಬ್ಬರೂ ಹಾಗೆ ಕುಳಿತ ಹೊತ್ತು ಪೂರ್ತಿಯಾಗಿ ದೊಡ್ಡವಳಿಗೆ ಮೀಸಲಿರಲಿ, ಅದೂ ಬೆಳಗಿನ ಹೊತ್ತಿನಲ್ಲಿ. ನಲಿಕಲಿಯ ಒಟ್ಟು ಕೂಟ ಮೂರನೇ ತರಗತಿಗೆ ನಿಲ್ಲುತ್ತದೆ. ಹದಿನಾಲ್ಕರ ಹುಡುಗಿಯನ್ನು ಆರರ ಮಗುವಿನೊಂದಿಗೆ ದಿನವಿಡೀ ಕೂರಿಸಿದರೆ ಅವಳು ವಿದ್ಯಾರ್ಥಿನಿಯಾಗಿ ಉಳಿಯುವುದಿಲ್ಲ.

ಉತ್ತರ: ತುಮಕೂರಿನ ಒಬ್ಬ ತಂದೆ

ಮೇಡಂ, ನನ್ನ ಮಗ ಹತ್ತನೇ ತರಗತಿಯನ್ನು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ ಮೂಲಕ ಮುಗಿಸಿದ್ದಾನೆ. ಮಾಧ್ಯಮಿಕ ಹಂತಕ್ಕೆ ನೋಂದಾಯಿಸಲು 14 ವರ್ಷ ತುಂಬಿರಬೇಕು. ಎಂಟನೇ ತರಗತಿಯ ಪ್ರಮಾಣಪತ್ರವಿಲ್ಲದಿದ್ದರೆ ಆ ಮಟ್ಟದ ತಿಳಿವಳಿಕೆ ಇದೆಯೆಂದು ಸ್ವಯಂ ಘೋಷಣೆ ಕೊಡಬಹುದು. ಸಾಮಾನ್ಯವಾಗಿ ಐದು ವಿಷಯಗಳು. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ ನಡೆಯುತ್ತದೆ. ನೋಂದಣಿ ಐದು ವರ್ಷ ಊರ್ಜಿತವಾಗಿರುವುದರಿಂದ ಎಲ್ಲ ವಿಷಯಗಳನ್ನೂ ಒಂದೇ ಬಾರಿಗೆ ಬರೆಯಬೇಕೆಂಬ ಒತ್ತಡವಿಲ್ಲ. ನನ್ನ ಮಗ ಭಾಷೆಗಳನ್ನು ಮೊದಲು ಮುಗಿಸಿ ಗಣಿತ, ವಿಜ್ಞಾನಗಳನ್ನು ನಂತರದ ಪರೀಕ್ಷೆಗೆ ಇಟ್ಟುಕೊಂಡ.

ಈ ಸಡಿಲಿಕೆಯೇ ಅಪಾಯವೂ ಹೌದು. ಗಡುವು ಹೇಳುವವರು ಇಲ್ಲದ ಮನೆಯಲ್ಲಿ ‘ಮುಂದಿನ ಬಾರಿ ಬರೆದರಾಯಿತು’ ಎನ್ನುವುದು ಬಹಳ ಸುಲಭ. ಅಂಕಗಳಿಗೆ ಸೇರುವ, ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜನೆಗಳನ್ನು (ಅಸೈನ್‌ಮೆಂಟ್) ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಉತ್ತರ: ಚಿಂತಾಮಣಿಯ ಓದುಗ

ನನ್ನದು ಬೇರೆ ಅಭಿಪ್ರಾಯ. ಮೂವರಿಗೂ ಒಂದೇ ತೀರ್ಮಾನ ಏಕಿರಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು 10ನೇ ಕಲಮಿನಲ್ಲಿ ಹೇಳುತ್ತದೆ. ಪೋಷಕರಿಗೆ ದಂಡನೆಯನ್ನೇನೂ ಅದು ವಿಧಿಸುವುದಿಲ್ಲ, ಆದರೂ ಮಾತು ಸ್ಪಷ್ಟವಾಗಿದೆ. ಅದೇ ಕಾಯ್ದೆಯ 4ನೇ ಕಲಮಿನ ಪ್ರಕಾರ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಆದ್ದರಿಂದ ಹುಡುಗನಿಗೆ ವರ್ಷ ನಷ್ಟವಾಗುವ ಭಯ ಬೇಡ. ಯಾರಿಗೂ ತೊಂದರೆ ಕೊಡದೆ ಒಂದು ಮೂಲೆಯಲ್ಲಿ ಕೆಲಸ ಮುಗಿಸುವ ಒಂಬತ್ತರ ಹುಡುಗನಿಗೆ ತಂಗಿಯ ಮೇಷ್ಟ್ರಗಿರಿಗಿಂತ ಜಗಳವಾಡಲು, ಕಬಡ್ಡಿ ಆಡಲು ಸಮವಯಸ್ಕರು ಬೇಕೆಂದು ನನಗನಿಸುತ್ತದೆ. ಮನೆಯಲ್ಲೇ ಉಳಿಸಿಕೊಳ್ಳುವುದಾದರೆ ಕೊನೆಯ ಪಕ್ಷ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಸದಸ್ಯನನ್ನಾಗಿ ಮಾಡಿಸಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಶುಲ್ಕವಿಲ್ಲ, ಸಂಜೆ ಊರಿನ ಮಕ್ಕಳೂ ಅಲ್ಲಿ ಸಿಗುತ್ತಾರೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಮೇಷ್ಟ್ರೇ, ನೀವು ಹೇಳಿದಂತೆ ಈ ವಾರದಿಂದಲೇ ಹುಡುಗ ತಂಗಿಯ ಓದು ಕೇಳಿಸಿಕೊಳ್ಳುತ್ತಿದ್ದಾನೆ. ಅಕ್ಕನಿಗಿಂತ ಅವನು ಹೆಚ್ಚು ಕಟ್ಟುನಿಟ್ಟು ಎಂದು ಅವಳ ದೂರು. ಚಿಂತಾಮಣಿಯವರ ಮಾತನ್ನು ಮನೆಯವರು ಪೂರ್ತಿ ಒಪ್ಪಿದ್ದಾರೆ, ನಾನು ಅರ್ಧ ಒಪ್ಪಿದ್ದೇನೆ. ಹುಡುಗನನ್ನು ಜೂನ್‌ನಲ್ಲಿ ಊರಿನ ಸರ್ಕಾರಿ ಶಾಲೆಗೆ ಕಳುಹಿಸುವ ಮಾತು ನಡೆದಿದೆ. ದೊಡ್ಡವಳು ಈ ಉತ್ತರಗಳನ್ನು ತಾನೇ ಓದಿ ಮುಕ್ತ ಶಾಲೆಯನ್ನೇ ಆರಿಸಿಕೊಂಡಿದ್ದಾಳೆ. ತುಮಕೂರಿನವರಲ್ಲಿ ಅವಳದೊಂದು ಪ್ರಶ್ನೆ: ವಿಜ್ಞಾನದ ಪ್ರಯೋಗಗಳನ್ನು ಅಧ್ಯಯನ ಕೇಂದ್ರದಲ್ಲಿ ನಿಮ್ಮ ಮಗನ ಕೈಯಿಂದಲೇ ಮಾಡಿಸಿದರೋ, ಬರೀ ದಾಖಲೆ ಪುಸ್ತಕ ಬರೆಸಿದರೋ?