ಮೊಮ್ಮಗನ ದನಿಯಲ್ಲಿ ಫೋನ್ ಬಂದರೆ ದಾವಣಗೆರೆಯ ಅಜ್ಜಿ ಏನು ಮಾಡಬೇಕು?

ನ್ಯೂಜೆರ್ಸಿಯಿಂದ: ದಾವಣಗೆರೆ, ಚಿತ್ರದುರ್ಗದಲ್ಲಿ ನಮ್ಮ ಹಿರಿಯರಿಬ್ಬರೇ ಇರುವ ಮನೆಗಳಿಗೆ, ಎಐನಿಂದ ಮೊಮ್ಮಗನ ದನಿ ನಕಲು ಮಾಡಿ ದುಡ್ಡು ಕೇಳುವ ಮೋಸದ ಕರೆ ಬಂದರೆ ಏನು ಮಾಡಬೇಕು? ಸರ್ಕಾರವೂ ಎಐ ಬಳಸುತ್ತಿದೆಯಂತಲ್ಲ, ಅದು ತಡೆಯೋದಿಲ್ವಾ?

ಡಲ್ಲಾಸ್‌ನಿಂದ: ಅರ್ಧ ತಡೆಯುತ್ತೆ. ದೂರಸಂಪರ್ಕ ಇಲಾಖೆಯ ಅಸ್ತ್ರ್ ಎಂಬ ವ್ಯವಸ್ಥೆ ಒಂದೇ ಮುಖ, ಬೇರೆ ಬೇರೆ ಹೆಸರಲ್ಲಿ ತಗೊಂಡ ಸಿಮ್‌ಗಳನ್ನು ಹುಡುಕುತ್ತೆ. ಹೊರದೇಶದಿಂದ ಬಂದರೂ +91 ಎಂದು ತೋರಿಸುವ ಸುಳ್ಳು ಕರೆಗಳಿಗೆ 2024ರ ಅಕ್ಟೋಬರ್‌ನಿಂದ ತಡೆ ಇದೆ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಮಾಡಿರೋ ಮ್ಯೂಲ್‌ಹಂಟರ್, ಕಳ್ಳರು ಬಾಡಿಗೆಗೆ ಹಿಡಿದ ಖಾತೆಗಳನ್ನು ಅವುಗಳ ನಡೆ ನೋಡಿ ಗುರುತಿಸುತ್ತೆ. ಇವೆಲ್ಲ ಕಾಯೋದು ನಂಬರನ್ನು, ಖಾತೆಯನ್ನು. ವಾಟ್ಸಾಪ್ ಕರೆಯಲ್ಲಿ ಅಳುತ್ತಿರೋದು ಮೊಮ್ಮಗನೋ ಯಂತ್ರವೋ ಅಂತ ಯಾರೂ ಕೇಳಿಸಿಕೊಳ್ಳುತ್ತಿಲ್ಲ. ಆ ಎರಡು ನಿಮಿಷ ಮನೆಯವರದ್ದೇ.

ಹೊತ್ತು ನೋಡಿ. ದಾವಣಗೆರೆಯಲ್ಲಿ ಬೆಳಿಗ್ಗೆ 10 ಅಂದರೆ ಚಳಿಗಾಲದ ನ್ಯೂಜೆರ್ಸಿಯಲ್ಲಿ ರಾತ್ರಿ 11:30. ನೀವು ಮಲಗಿರ್ತೀರಿ, ಫೋನ್ ಸೈಲೆಂಟ್. ಮೊಮ್ಮಗನ ದನಿ ಎರಡು ಮಾತಾಡಿ ಅಳುತ್ತೆ, ಕೂಡಲೇ "ವಕೀಲ" ಫೋನ್ ಕಿತ್ತುಕೊಳ್ತಾನೆ. ಅಜ್ಜಿ ನಿಮಗೆ ಫೋನ್ ಮಾಡಿದರೆ ಎತ್ತೋರಿಲ್ಲ, ಕಳ್ಳನ ಮಾತೇ ನಿಜ ಅನ್ನಿಸಿಬಿಡುತ್ತೆ. ಹಾಗಾಗಿ ಊರಿನ ನಂಬರಿಗೆ ಐಫೋನ್‌ನಲ್ಲಿ ಕಾಂಟ್ಯಾಕ್ಟ್ ತೆರೆದು ಎಡಿಟ್, ರಿಂಗ್‌ಟೋನ್, ಎಮರ್ಜೆನ್ಸಿ ಬೈಪಾಸ್ ಆನ್ ಮಾಡಿ, ಸೈಲೆಂಟ್ ಇದ್ದರೂ ಆ ನಂಬರಿನ ಕರೆ ಸದ್ದು ಮಾಡುತ್ತೆ. ಆಂಡ್ರಾಯ್ಡ್‌ನಲ್ಲಿ ನಂಬರಿಗೆ ಸ್ಟಾರ್ ಹಾಕಿ, ಡು ನಾಟ್ ಡಿಸ್ಟರ್ಬ್‌ನಲ್ಲಿ ಸ್ಟಾರ್ ಇರೋರಿಗೆ ಬಿಡಿ. ಇದಕ್ಕೆ ವಾಟ್ಸಾಪ್ ಕರೆಯನ್ನು ನೆಚ್ಚಬೇಡಿ, ಮಾಮೂಲಿ ಕರೆಯೇ ಬರಬೇಕು. ಊರಿನ ಪ್ರೀಪೇಡ್ ಸಿಮ್‌ಗೆ ಐಎಸ್‌ಡಿ (ಹೊರದೇಶಕ್ಕೆ ಕರೆ ಮಾಡೋ ಸೌಲಭ್ಯ) ಇದೆಯಾ ಅಂತ ಒಮ್ಮೆ ಕರೆ ಮಾಡಿಸಿಯೇ ನೋಡಿ. ಬಹಳ ಮನೆಗಳಲ್ಲಿ ಕೈಕೊಡೋದು ಇಲ್ಲೇ.

ಕರೆ ನಿಜವೋ ಅಂತ ನೋಡೋಕೆ ಮನೆಯವರಿಗಷ್ಟೇ ಗೊತ್ತಿರೋ ಗುಟ್ಟಿನ ಪದ ಒಳ್ಳೇದೇ, ಆದರೆ "ಬೆಣ್ಣೆ ದೋಸೆ" ಅಂತ ಇಡಬೇಡಿ. ದಾವಣಗೆರೆಯವರು ಅಂದ ಮೇಲೆ ಕಳ್ಳನೂ ಮೊದಲು ಅದನ್ನೇ ಹೇಳ್ತಾನೆ. ಗಾಬರಿಯಲ್ಲಿ ಪದ ಮರೆತೂ ಹೋಗುತ್ತೆ. ಅದಕ್ಕಿಂತ ಸುಳ್ಳು ಪ್ರಶ್ನೆ ವಾಸಿ: "ಚಿತ್ರದುರ್ಗದ ಅತ್ತೆ ನಿನ್ನ ಹತ್ರಾನೇ ಇದಾಳಲ್ಲ, ಅವಳಿಗೆ ಕೊಡಪ್ಪ." ಅಂಥ ಅತ್ತೆಯೇ ಇಲ್ಲ ಅಂತ ಮಗುವಿಗೆ ಗೊತ್ತು, ಯಂತ್ರದ ಹಿಂದಿರೋನಿಗೆ ಗೊತ್ತಿಲ್ಲ.

ಮೆಲ್ಬರ್ನ್‌ನಿಂದ: ದುಡ್ಡು ಹೋಗಿಬಿಟ್ಟರೆ?

ಡಲ್ಲಾಸ್‌ನಿಂದ: 1930, ಸೈಬರ್ ಮೋಸದ ದೂರಿಗೆ ಇರೋ ಸಹಾಯವಾಣಿ. ಇದು ಭಾರತದೊಳಗಿನ ಕಿರುಸಂಖ್ಯೆ, ಹೊರದೇಶದ ಸಿಮ್‌ನಿಂದ ಸಿಗುತ್ತೆ ಅಂತ ನಂಬಿ ಕೂರಬೇಡಿ. ಊರಲ್ಲೇ ಇರೋ ಅಳಿಯನೋ ಪಕ್ಕದ ಮನೆಯವರೋ ಮಾಡಲಿ, ಅದು ಯಾರು ಅಂತ ಇವತ್ತೇ ಗೊತ್ತುಮಾಡಿ. ಹಣ ಒಂದು ಖಾತೆಯಿಂದ ನಾಲ್ಕಾರು ಖಾತೆಗೆ ಒಡೆದು ಎಟಿಎಂ ಸೇರೋದರೊಳಗೆ ಹೇಳಿದರೆ, ಇನ್ನೂ ಎಲ್ಲಿ ನಿಂತಿದೆಯೋ ಅಲ್ಲಿ ಬ್ಯಾಂಕಿನವರು ತಡೆಹಿಡೀತಾರೆ. ಕೇಳೋದು ಮೊಬೈಲ್ ನಂಬರ್, ಬ್ಯಾಂಕ್, ಮೊತ್ತ, ಹೊತ್ತು, ವಹಿವಾಟಿನ ಸಂಖ್ಯೆ. ಹಿರಿಯರು ಫೋನ್‌ಪೇಯಲ್ಲಿ "ಟಿ" ಅಕ್ಷರದಿಂದ ಶುರುವಾಗೋ ಉದ್ದದ ಸಂಖ್ಯೆ ಓದಿಬಿಡ್ತಾರೆ. ಬೇಕಿರೋದು 12 ಅಂಕಿಯ ಯುಟಿಆರ್, ಅಂದರೆ ಬ್ಯಾಂಕುಗಳು ವಹಿವಾಟನ್ನು ಗುರುತಿಸೋ ಸಂಖ್ಯೆ. ಬ್ಯಾಂಕಿಗೆ ಹೋಗಿ ಆರ್‌ಟಿಜಿಎಸ್ ಮಾಡಿದ್ದರೆ ಅದು 22 ಅಕ್ಷರ. ಸಿಕ್ಕ ದೂರಿನ ಸಂಖ್ಯೆ ಇಟ್ಕೊಂಡು 24 ಗಂಟೆಯೊಳಗೆ ಸೈಬರ್‌ಕ್ರೈಂ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಬೇಕು. ಎಫ್‌ಐಆರ್‌ಗೆ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ, ಎರಡೂ ಜಿಲ್ಲೆಯಲ್ಲಿದೆ.

ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ಮೂರು ಕೆಲಸದ ದಿನದೊಳಗೆ ಹೇಳಿದರೆ ಹಣ ವಾಪಸ್ ಅನ್ನೋರಿದ್ದಾರೆ. ಅದು ಗ್ರಾಹಕರಿಗೆ ಗೊತ್ತಿಲ್ಲದೆ, ಅವರ ತಪ್ಪಿಲ್ಲದೆ ಹಣ ಹೋದಾಗ. ಅಜ್ಜಿಯೇ ಪಿನ್ ಒತ್ತಿ ಕಳಿಸಿದ್ದಕ್ಕೆ ಅದನ್ನು ನಂಬಬೇಡಿ. ಬ್ಯಾಂಕ್ ಆ್ಯಪ್‌ನಲ್ಲಿ ದಿನದ ಮಿತಿಯನ್ನೇ ತಿಂಗಳ ಸಂತೆ, ಔಷಧಿ ಖರ್ಚಿಗೆ ತಕ್ಕಷ್ಟು ಇಳಿಸಿ.

ಮೆಲ್ಬರ್ನ್‌ನಿಂದ: ಹಾಗಾದರೆ ಕನ್ನಡ ಕೂಟದ ರಾಜ್ಯೋತ್ಸವದ ವಿಡಿಯೊ ಎಲ್ಲಾ ತೆಗೆದುಬಿಡೋಣವೇ? ಮಗು ಒಂಟಿಯಾಗಿ ಮೈಕ್ ಹಿಡಿದು ಮಾತಾಡಿದ ತುಣುಕು ಕಳ್ಳರಿಗೆ ಒಳ್ಳೇ ಮಾದರಿ.

ಸಿಂಗಪುರದಿಂದ: ಅಷ್ಟೆಲ್ಲ ಬೇಡ ಅಂತ ನನ್ನ ಅಭಿಪ್ರಾಯ. ವೇದಿಕೆ ಇಲ್ಲದಿದ್ದರೆ ಮಕ್ಕಳು ಕನ್ನಡ ಯಾಕೆ ಕಲೀತಾರೆ? ದನಿಗಿಂತ ಅಪಾಯ ಶೀರ್ಷಿಕೆಯಲ್ಲಿರೋ ಪೂರ್ತಿ ಹೆಸರು, ಶಾಲೆ, "ಅಜ್ಜಿ ತಾತ ದಾವಣಗೆರೆ" ಅನ್ನೋ ಸಾಲು. ಯಾರ ದನಿ ಅಂತ ತಿಳಿಯದಿದ್ದರೆ ಯಾವ ಅಜ್ಜಿಗೆ ಫೋನ್ ಮಾಡ್ತಾನೆ? ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ (ಹುಡುಕಿದರೆ ಸಿಗದಂತೆ) ಮಾಡಿ ಲಿಂಕನ್ನು ಕೂಟದೊಳಗೇ ಹಂಚಿ. ಮಗು ಕೋಲಾಟದ ಗುಂಪಿನಲ್ಲಿದ್ದರೆ ಚಿಂತೆ ಕಡಿಮೆ, ಆ ಗದ್ದಲದಲ್ಲಿ ಒಂದು ದನಿ ಬಿಡಿಸಿ ತೆಗೆಯೋದು ಸುಲಭವಲ್ಲ.